ಫ್ಲಾಪಿಯಲ್ಲಿ ಉಳಿದ ಒಂಟಿ ಕೋಡಿನ ಎಮ್ಮೆ

ತೀರ್ಥರೂಪ ಸಮಾನರಾದ ಈರಪ್ಪ ಕಾಕಾ ಅವರಿಗೆ,

ನಿಮ್ಮ ನೀಲಾ ಮಾಡುವ ನಮಸ್ಕಾರಗಳು. ಹೀಗೆ ಉದ್ದಕ್ಕೆ ಶುರುಮಾಡಿದರೆ ನಿಮಗೆ ಸೇರುವುದಿಲ್ಲ ಎಂದು ಗೊತ್ತು. ನಮಸ್ಕಾರ ಮುಗಿಯುವುದರೊಳಗೆ ಪೋಸ್ಟ್ ಕಾರ್ಡೇ ಮುಗಿದಿರುತ್ತದೆ ಎಂದು ಆಡಿಕೊಳ್ಳುತ್ತಿದ್ದಿರಿ. ಆದರೆ ಇದು ಕಾರ್ಡಲ್ಲ, ಡಬ್ಬಿಗೆ ಹಾಕುವ ಪತ್ರವೂ ಅಲ್ಲ, ಹಾಗಾಗಿ ಜಾಗಕ್ಕೆ ಬರವಿಲ್ಲ. ನೀವು ಹೋದ ಮೇಲೆ ನಮ್ಮ ಶೆಡ್ಡಿನಲ್ಲಿ ನಡೆದದ್ದನ್ನು ನಾನು ಇನ್ನೂ ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಲು ಹೋದರೆ ಕಂಪ್ಯೂಟರಿನ ಕಥೆ ಎಂದುಕೊಂಡು ಮಂದಿ ಆಕಳಿಸುತ್ತಾರೆ. ನೀವಾದರೆ ಕನ್ನಡಕ ಹಣೆಗೇರಿಸಿ, 'ಮುಂದ?' ಎನ್ನುತ್ತಿದ್ದಿರಿ. ಆ 'ಮುಂದ?' ಕೇಳುವವರು ಈಗ ಯಾರಿದ್ದಾರೆ ಹೇಳಿ.

ನೀವು ಮೊದಲ ಸಲ ನನ್ನ ಕಾಲು ಅಳೆದ ದಿನ ನಿಮಗೆ ನೆನಪಿತ್ತೋ ಇಲ್ಲವೋ. ನಿಮ್ಮ ಕೈಯಲ್ಲಿ ಎಷ್ಟು ಮಕ್ಕಳ ಕಾಲು ದಾಟಿಹೋದವೋ ಏನೋ. ನನಗಂತೂ ನಿನ್ನೆ ನಡೆದ ಹಾಗಿದೆ. ಅಪ್ಪ ಅಂದು ಮಗ್ಗ ನಿಲ್ಲಿಸಿ, ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ, ಬೀಳದಿರಲೆಂದು ಅವ್ವನ ಹಳೆಯ ಸೀರೆಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು, ಶಹಾಪುರದಿಂದ ಉದ್ಯಮಬಾಗದವರೆಗೆ ತುಳಿದಿದ್ದ. ಪೋಲಿಯೊ ಬಂದ ಮೇಲೆ ನಾನು ಕೈಯೂರಿ ತೆವಳುತ್ತಿದ್ದೆ. ಅಪ್ಪ ನನ್ನನ್ನು ಕೆಳಗಿಳಿಸಲು ಹೋದಾಗ ನೀವು ತಡೆದಿರಿ. ಹಳೆಯ ಲೌಡ್‌ಸ್ಪೀಕರಿನಿಂದ ಬಿಚ್ಚಿದ ಲೋಹಚುಂಬಕಕ್ಕೆ ಹುರಿ ಕಟ್ಟಿಟ್ಟುಕೊಂಡಿದ್ದಿರಲ್ಲ, ಅದನ್ನು ತಂದು ನೆಲದ ತುಂಬ ಎಳೆದಾಡಿದಿರಿ. ಬಿದ್ದ ರಿವೆಟ್ಟು, ಕಬ್ಬಿಣದ ಪುಡಿ, ಮುರಿದ ಬ್ಲೇಡಿನ ಚೂರು ಎಲ್ಲ ಅದಕ್ಕೆ ಗಡ್ಡದ ಹಾಗೆ ಅಂಟಿಕೊಂಡವು. "ಇಲ್ಲಿ ಬರೂ ಹುಡುಗುರು ಕೈಮ್ಯಾಲ ನಡೀತಾವ. ನೆಲಾ ಚುಚ್ಚಬಾರದು," ಎಂದಿರಿ. ಅಪ್ಪ ಮನೆಗೆ ಹೋಗಿ ಅವ್ವನ ಮುಂದೆ ಹೇಳಿದ್ದು ನೀವು ಕಾಲಿಗೆ ಮಾಡಿಕೊಡುವ ಕಬ್ಬಿಣದ ಆಸರೆಯ, ಆ ಕ್ಯಾಲಿಪರಿನ ಮಾತಲ್ಲ, ಈ ಮಾತು.

ಅದೇ ದಿನ ನೀವು ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಅಳತೆ ಹಿಡಿದಿರಿ. ಹಿಮ್ಮಡಿಯಿಂದ ಮೇಲಕ್ಕೆ, ಮೊದಲು ಗಟ್ಟಿ ಕಾಲು, ಆಮೇಲೆ ಸೊರಗಿದ ಕಾಲು. ಸೊರಗಿದ್ದು ತಾನು ಎಷ್ಟು ಬೆಳೆಯಬೇಕಿತ್ತೆಂದು ಅದಕ್ಕೂ ತಿಳಿಯಲಿ ಎಂದು ಕಾರಣ ಕೊಟ್ಟಿರಿ. ಕೊನೆಗೆ ಟೇಪು ಸುತ್ತುತ್ತ, "ಎದ್ದ ನಿಂತ ಮ್ಯಾಲ ಎಲ್ಲಿಗೆ ಹೋಗಾಕಿ?" ಎಂದು ಕೇಳಿದಿರಿ. ನಾನು ಮುಖ ತಿರುಗಿಸಿ ಎಲ್ಲಿಗೂ ಇಲ್ಲ ಎಂದೆ. ಅಪ್ಪನಿಗೆ ನಾಚಿಕೆಯಾಯಿತು. ನೀವು ನಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. "ಆತು, ಯೋಚನಿ ಮಾಡಿ ಹೇಳ. ಅವಸರ ಇಲ್ಲ," ಎಂದು ಹೇಳಿ ಅಪ್ಪನಿಗೆ ಚಹಾ ತರಿಸಿದಿರಿ. ಆಮೇಲೆ ನಾನು ನಿಮ್ಮ ಕ್ಯಾಲಿಪರ್ ತೊಟ್ಟು ಸಾಲಿಗೆ ಹೋದೆ, ಟೈಪಿಂಗ್ ಕಲಿತೆ, ನಿಮ್ಮ ಶೆಡ್ಡಿನ ಬಾಜುವಿನ ಕಾರಖಾನೆಯ ಆಫೀಸಿನಲ್ಲೇ ಕೆಲಸಕ್ಕೆ ಸೇರಿದೆ. ಆ ಪ್ರಶ್ನೆಯನ್ನು ನೀವು ನನಗೆ ಮತ್ತೆ ಕೇಳಲಿಲ್ಲ.

ಆಫೀಸಿಗೆ ಕಂಪ್ಯೂಟರ್ ಬಂದ ದಿನ ನೀವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದದ್ದು ನೆನಪಾದರೆ ಈಗಲೂ ನಗು ಬರುತ್ತದೆ. ಮಾಲಕರು ಅದನ್ನು ತರಿಸಿದ್ದು ಕಾರಖಾನೆಯ ನಟ್ಟು ಬೋಲ್ಟಿನ ದಾಸ್ತಾನು ನೋಡಿಕೊಳ್ಳಲಿಕ್ಕೆ. ನಿಮಗೆ ಮಾತ್ರ ಅದರಲ್ಲಿ ಮಕ್ಕಳು ಕಂಡರು. ಇಷ್ಟು ತೆಳ್ಳನೆಯ ಹಪ್ಪಳದಂಥ ಫ್ಲಾಪಿಯ ಹೊಟ್ಟೆಯಲ್ಲಿ ಎಷ್ಟು ಮಂದಿ ಹಿಡಿಸುತ್ತಾರೆ ಎಂದು ಕೇಳಿದಿರಿ. ಒಂದು ತಾಲ್ಲೂಕೇ ಹಿಡಿಸೀತು ಎಂದೆ. ಅಂದಿನಿಂದ ನಿಮಗೆ ಕಾಗದ ಬೇಡವಾಯಿತು. ಮಳೆಗೆ ತೊಯ್ಯುವ, ಇಲಿ ಕಡಿಯುವ ಚೀಟಿಗಳ ಕಾಟ ತಪ್ಪಿತೆಂದು ಹಿಗ್ಗಿದಿರಿ. ಮಾಲಕರು ಹೊಸ ಫ್ಲಾಪಿ ಕೊಡಲಿಲ್ಲ, ಅರ್ಧ ತುಂಬಿದ್ದೊಂದನ್ನು ಕೊಟ್ಟರು. ಹೀಗಾಗಿ ಕಾರಖಾನೆಯ ವಾಷರುಗಳೂ ನಮ್ಮ ಮಕ್ಕಳೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದ ಹಾಗಾಯಿತು.

ನಿಮಗೂ ನನಗೂ ಜಗಳವಾದದ್ದು ಆ ಕೊನೆಯ ಸಾಲಿನ ಬಗ್ಗೆ. ಹೆಸರು, ಊರು, ಗಟ್ಟಿ ಕಾಲಿನ ಅಳತೆ, ಸೊರಗಿದ ಕಾಲಿನ ಅಳತೆ, ಇಷ್ಟು ಸಾಕಲ್ಲವೇ? ಸಾಲದು, ಮಗು ಎಲ್ಲಿಗೆ ಹೋಗಬೇಕೆನ್ನುತ್ತದೋ ಅದನ್ನೂ ಅದರದೇ ಮಾತಿನಲ್ಲಿ ಹಾಕು ಎಂದಿರಿ. ಕಂಪ್ಯೂಟರಿಗೆ ಕನ್ನಡ ಬಾರದು. ಮಕ್ಕಳ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದರೊಳಗೆ ನನ್ನ ಬೆರಳು ಸೋಲುತ್ತಿದ್ದವು. ಇದು ಯಾವ ಉಪಯೋಗಕ್ಕೆ ಎಂದು ಸಿಡುಕಿದೆ. ಆಗ ನೀವು ಹೇಳಿದ್ದು ನನಗೆ ಈಗಲೂ ಬಾಯಿಪಾಠ. "ಅಳತಿ ಕಾಲಿಂದು, ನೀಲಾ. ಕ್ಯಾಲಿಪರ್ ಹುಡುಗುರದು." ಹೊಲಕ್ಕೆ ಹೋಗುವ ಮಗುವಿಗೆ ದಪ್ಪ ಅಟ್ಟೆ, ಸಾಲಿಯಲ್ಲಿ ಕೂರುವ ಮಗುವಿಗೆ ಮೊಣಕಾಲಿನ ಕೀಲು ಸಲೀಸು, ಗುಡ್ಡ ಇಳಿಯುವ ಮಗುವಿಗೆ ಬೇರೆ ಪಟ್ಟಿ... ನಿಮಗೆ ಅದು ಲೆಕ್ಕವೇ ಆಗಿತ್ತು. ನಾನು ಗೊಣಗುತ್ತಲೇ ಕುಟ್ಟಿದೆ.

ಮಕ್ಕಳ ಕಾಲು ಅಳೆಯಲು ಖಾನಾಪುರದಲ್ಲಿ ಹಾಕಿದ ಆ ಕ್ಯಾಂಪು ಈಗಲೂ ಕಣ್ಣ ಮುಂದಿದೆ. ಗಣಪತಿ ಹಬ್ಬ ಮುಗಿದ ಮೇಲಿನ ಸಂತೆಯ ದಿನ, ಸಾಲಿಯ ಅಂಗಳ. ಕಾಡಂಚಿನ ಊರುಗಳಿಂದ ತಂದೆತಾಯಿಗಳು ಮಕ್ಕಳನ್ನು ಹೆಗಲ ಮೇಲೆ, ಬುಟ್ಟಿಯಲ್ಲಿ, ಕಂಬಳಿಯ ಜೋಳಿಗೆಯಲ್ಲಿ ಹೊತ್ತು ತಂದಿದ್ದರು. ಮಾಲಕರ ವ್ಯಾನಿನಲ್ಲಿ ಕಂಪ್ಯೂಟರನ್ನು ಗೋಧಿಹುಲ್ಲಿನ ಮೇಲೆ ಮಲಗಿಸಿ ಒಯ್ದಿದ್ದೆವು. ನೀವು ಅಳೆದು ಕೂಗುತ್ತಿದ್ದಿರಿ, ನಾನು ಕುಟ್ಟುತ್ತಿದ್ದೆ, ಫಿಟ್ಟರ್ ಯಮನಪ್ಪ ಮಕ್ಕಳನ್ನು ಎತ್ತಿ ಇಳಿಸುತ್ತಿದ್ದ. ಕನ್ನಡದಲ್ಲಿ ಒಂದು ಮಗು, ಮರಾಠಿಯಲ್ಲಿ ಇನ್ನೊಂದು. ಮರಾಠಿಯದನ್ನು ನಾನು ಅಲ್ಲೇ ಕನ್ನಡ ಮಾಡುತ್ತಿದ್ದೆ. ಸಂಜೆ ಬಸ್ಸಿನ ಹೊತ್ತಿಗೆ ಎಲ್ಲರೂ ಹೋದರು. ದೀಪಾವಳಿ ಮುಗಿಯುವುದರೊಳಗೆ ಕ್ಯಾಲಿಪರ್ ತಯಾರಾಗುತ್ತವೆ, ನಾನೇ ಊರೂರಿಗೆ ತಂದು ತೊಡಿಸುತ್ತೇನೆ ಎಂದು ಮಾತು ಕೊಟ್ಟವರು ನೀವು.

ಆ ಮಾತು ಕೊಟ್ಟು ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದು, ನೆಲಕ್ಕೆ ಚುಂಬಕ ಎಳೆದು, ಬೆಂಚಿನ ಮೇಲೆ ಕೂತವರು ಹಾಗೇ... ಯಮನಪ್ಪ ಬಂದು ಕಂಡಾಗ ಹುರಿ ಇನ್ನೂ ನಿಮ್ಮ ಕೈಯಲ್ಲೇ ಇತ್ತಂತೆ. ಖಾನಾಪುರದ ನಿಮ್ಮ ಹೊಲದ ಬದುವಿಗೆ ಒಯ್ದೆವು. ಹಣೆಗೆ ವಿಭೂತಿ ಹಚ್ಚಿ, ನಮ್ಮ ರೂಢಿಯಂತೆ ಕೂರಿಸಿ ಮಣ್ಣು ಕೊಟ್ಟರು. ಜನ್ಮವೆಲ್ಲ ಮಂದಿಯ ಮಕ್ಕಳನ್ನು ನಿಲ್ಲಿಸಿದವರು ನೀವು ಕೂತೇ ಹೋದಿರಿ. ನಾನು ಬಹಳ ಅತ್ತೆ ಕಾಕಾ, ಅದನ್ನು ಮುಚ್ಚಿಟ್ಟುಕೊಂಡು ಏನು ಮಾಡಲಿ. ಯಮನಪ್ಪ ಮಾತ್ರ ಮರುದಿನವೇ ಕೆಲಸಕ್ಕೆ ಬಂದ. ಅಳತೆ ಇದ್ದರೆ ಸಾಕು, ಕಾಕಾ ಹೇಳಿದ ಹಾಗೆ ಒಂದೊಂದನ್ನೂ ಮಾಡಿ ಮುಗಿಸುತ್ತೇನೆ ಎಂದ.

ಅಷ್ಟರಲ್ಲಿ ಖಂಡೇನವಮಿ ಬಂತು. ನೀವಿದ್ದಾಗ ಅಂದು ಶೆಡ್ಡಿನ ಹತಾರವೆಲ್ಲ ತೊಳೆದು ಒಂದೇ ಮಣೆಯ ಮೇಲೆ ಪೇರಿಸಿ ಪೂಜೆ ಮಾಡುತ್ತಿದ್ದಿರಲ್ಲ, ಯಮನಪ್ಪನೂ ಹಾಗೇ ಮಾಡಿದ. ನಾನು ಶಹಾಪುರದಲ್ಲಿ ನಮ್ಮ ಮನೆಯ ಮಗ್ಗದ ಪೂಜೆಯಲ್ಲಿದ್ದೆ. ಅವನು ಈ ಸಲ ನಿಮ್ಮ ಫೋಟೊ ಇಟ್ಟ, ಅದರ ಮುಂದೆ ನಿಮ್ಮ ಟೇಪು, ನಿಮ್ಮ ಕತ್ತರಿ. ಕಾಕಾನ ಕೊನೆಯ ಕೆಲಸ ಇದರಲ್ಲಿದೆ ಎಂದು ಫ್ಲಾಪಿಗಳ ಪೊಟ್ಟಣವನ್ನು ಆಫೀಸಿನಿಂದ ಭಕ್ತಿಯಿಂದ ತಂದಿಟ್ಟ. ಕಾಕಾ ಕೊನೆಗೆ ಹಿಡಿದ ವಸ್ತು ಇದು ಎಂದು ಆ ಪೊಟ್ಟಣದ ಮೇಲೆಯೇ, ಒಂದು ಅಂಚಿಗೆ, ನಿಮ್ಮ ಲೋಹಚುಂಬಕವನ್ನು ಕೂರಿಸಿದ. ಕುಂಕುಮ ಹಚ್ಚಿದ, ಚೆಂಡುಹೂ ಇಟ್ಟ. ದಸರೆಯ ಬನ್ನಿ ಕೊಟ್ಟು ಮುಗಿಯುವ ತನಕ ಅದು ಅಲ್ಲೇ ಇತ್ತು. ಚುಂಬಕಕ್ಕೂ ಫ್ಲಾಪಿಗೂ ಆಗಿಬರುವುದಿಲ್ಲ ಎಂದು ಅವನಿಗೆ ಯಾರು ಹೇಳಿದ್ದರು? ಭಕ್ತಿಯಲ್ಲಿ ಇಡಬಹುದಾದ ಜಾಗಗಳಲ್ಲೆಲ್ಲ ಅವನು ಅದನ್ನು ಇಟ್ಟದ್ದು ಸರಿಯಾಗಿ ಅಲ್ಲಿ.

ಹಬ್ಬ ಮುಗಿಸಿ ಬಂದು ನಾನು ಫ್ಲಾಪಿ ಹಾಕಿದಾಗ ಕಂಪ್ಯೂಟರ್ ಗರಗರ ಎಂದು ತಡಕಾಡಿತು. ಒಳಗೆ ಏನೂ ಇಲ್ಲ ಎಂದು ತೋರಿಸಿತು. ಹೆಸರಿಲ್ಲ, ಫೈಲಿಲ್ಲ. ಎಚ್ಚರಿಕೆಗೆಂದು ಮಾಡಿಟ್ಟಿದ್ದ ನಕಲೂ ಅದೇ ಪೊಟ್ಟಣದಲ್ಲಿತ್ತು, ಅದೇ ಮೇಲೆ ಇತ್ತು, ಪೆಟ್ಟು ಮೊದಲು ತಿಂದದ್ದು ಅದೇ. ಯಮನಪ್ಪ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ. ಅವನು ಅರ್ಧ ಕೊಯ್ದ ಚರ್ಮದ ಪಟ್ಟಿಯನ್ನು ಕೆಳಗಿಟ್ಟದ್ದು ನನಗೆ ಕೇಳಿಸಿತು. ಮಕ್ಕಳನ್ನು ಇನ್ನೊಮ್ಮೆ ಕರೆಸಿ ಎಂದರು ಮಾಲಕರು. ಯಾರನ್ನು ಕರೆಸುವುದು ಕಾಕಾ? ಹೆಸರೂ ಊರೂ ಇದ್ದದ್ದು ಅದರಲ್ಲೇ. ಕೂಲಿ ಬಿಟ್ಟು ಹೊತ್ತು ತಂದವರು, ನಿಮ್ಮ ಮಾತು ನಂಬಿ ಮನೆಗೆ ಹೋದವರು, ಕಾಡಿನ ಯಾವ ಯಾವ ಮೂಲೆಯಲ್ಲಿ ದೀಪಾವಳಿಯ ದಾರಿ ಕಾಯುತ್ತಿದ್ದಾರೋ...

ಹುಬ್ಬಳ್ಳಿಯಿಂದ ಕಂಪ್ಯೂಟರ್ ರಿಪೇರಿಯ ಜೋಶಿ ಬಂದ ಬೆಳಗನ್ನು ನೀವು ನೋಡಬೇಕಿತ್ತು. ಸಣ್ಣ ವಯಸ್ಸಿನವರು, ಮಾತು ಕಡಿಮೆ. ಫ್ಲಾಪಿ ತಿರುವಿ ನೋಡಿ, ಅಂಚಿಗೆ ಅಂಟಿದ ಕುಂಕುಮ ಒರೆಸಿ, ಏನಾಯಿತೆಂದು ಕೇಳಿದರು. ಯಮನಪ್ಪ ಒಂದನ್ನೂ ಬಿಡದೆ ಹೇಳಿ, ಆ ಚುಂಬಕವನ್ನು ಬಾವಿಗೆ ಎಸೆಯುತ್ತೇನೆ ಎಂದ. ಜೋಶಿ ಬೈಯಲಿಲ್ಲ, ನಗಲೂ ಇಲ್ಲ. ತಮ್ಮ ಚೀಲದಿಂದ ಬೇರೊಂದು ಫ್ಲಾಪಿ ತೆಗೆದು ಹಾಕಿದರು. ಅದು ಫೈಲನ್ನು ಹುಡುಕುವುದಿಲ್ಲವಂತೆ, ತಟ್ಟೆಯ ಮೇಲೆ ಏನು ಬರೆದಿದೆಯೋ ಅದನ್ನು ಇದ್ದಹಾಗೆ ತೋರಿಸುತ್ತದಂತೆ. ಎಲ್ಲಕ್ಕಿಂತ ಹೊರಗಿನ ಸುತ್ತಿನಲ್ಲಿ ಒಂದು ಯಾದಿ ಇರುತ್ತದೆ, ಯಾವ ಫೈಲು ಎಲ್ಲಿ ಶುರು, ಅದರ ಮುಂದಿನ ತುಂಡು ಎಲ್ಲಿ ಎಂದು. ಚುಂಬಕ ಅಂಚಿಗಿದ್ದುದರಿಂದ ಅಳಿಸಿದ್ದು ಆ ಯಾದಿಯನ್ನು. "ಅಕ್ಕಾರ, ಮನಿ ಪತ್ತಾ ಅಷ್ಟ ಹೋಗೈತ್ರಿ," ಎಂದರು ಜೋಶಿ. "ಮಂದಿ ಎಲ್ಲಾ ಅಲ್ಲೇ ಅದಾರ." ಆ ಮಾತಿಗೆ ನಾನು ಕೂತಲ್ಲೇ ಅವರಿಗೆ ಕೈ ಮುಗಿದೆ.

ಆಮೇಲೆ ಪರದೆಯ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಹಸಿರು ಅಕ್ಷರಗಳು, ಗುರುತಿಲ್ಲದ ಚಿಹ್ನೆಗಳು, ಸೊನ್ನೆಗಳು, ಒಂದರ ಹಿಂದೊಂದು ಸರಿದು ಹೋಗುತ್ತಿದ್ದವು. ಯಾವುದಕ್ಕೂ ತಲೆಬಾಲವಿಲ್ಲ. ನಾನು ಆಸೆ ಬಿಡುತ್ತಿದ್ದೆ. ಆಗ, ಆ ಗದ್ದಲದ ನಡುವೆ, ನಾನೇ ಎಂದೋ ಗೊಣಗುತ್ತ ಕುಟ್ಟಿದ ಅಕ್ಷರಗಳಲ್ಲಿ, ಒಂದು ಮಗು ಮಾತಾಡಿತು. 'ಸಾಲ್ಯಾಗ ನಾನ ಗಂಟಿ ಹೊಡೀಬೇಕು.' ಅಷ್ಟೇ. ಹಿಂದೆ ಮುಂದೆ ಏನೂ ಇಲ್ಲ. ನಾನು ಓದಿ ಹೇಳಿದೆ. ಯಮನಪ್ಪ ಅದು ಇಟಗಿಯ ಹುಡುಗ, ಎತ್ತಿಕೊಂಡಾಗ ಮೀಸೆ ಹಿಡಿದು ಎಳೆದಿದ್ದ ಎಂದ. ಕಾಕಾ, ಅಳಿಸಿಹೋಯಿತು ಎಂದು ನಾವು ಅತ್ತಿದ್ದೆವಲ್ಲ, ಅದು ಅಳಿಸಿಯೇ ಇರಲಿಲ್ಲ. ಕಾಣದೆ ಇತ್ತು, ಅಷ್ಟೇ. ನಾವು ಇಲ್ಲ ಎಂದು ಕೈಬಿಟ್ಟ ಇನ್ನೆಷ್ಟು ಸಂಗತಿಗಳು ಹೀಗೆ ತಮ್ಮ ಪಾಡಿಗೆ ತಾವು ಇದ್ದಲ್ಲೇ ಕೂತಿವೆಯೋ ಎಂದು ಅಂದು ಅನ್ನಿಸಿದ್ದು ಇಂದಿಗೂ ಹೋಗಿಲ್ಲ.

ಜೋಶಿ ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಹೋಗುವ ಮುಂಚೆ ಒಂದೊಂದು ತುಂಡನ್ನೂ ಪರದೆಗೆ ತಂದು ಪ್ರಿಂಟರಿನಲ್ಲಿ ಇಳಿಸುವುದನ್ನು ನನಗೆ ಕಲಿಸಿ, ತಮ್ಮ ಫ್ಲಾಪಿಯನ್ನು ನನ್ನ ಕೈಗೇ ಬಿಟ್ಟುಹೋದರು. ಮುಂದಿನ ಕೆಲಸ ತನ್ನಿಂದ ಆಗದು, ಅಲ್ಲಿ ಕೂತು ಕುಟ್ಟಿದವರಿಗೇ ಅದು ಗೊತ್ತಾಗುವುದು ಎಂದರು. ಖರೇ ಮಾತು. ಕಾರಖಾನೆಯ ಫೈಲುಗಳ ಸಂದಿಯಲ್ಲಿ ಸಿಕ್ಕ ಜಾಗದಲ್ಲೆಲ್ಲ ನಮ್ಮ ಮಕ್ಕಳು ಚೆದುರಿದ್ದರು. ಒಂದು ಮಗು ಅಜ್ಜಿಯ ಊರಿಗೆ ಹೊರಟು, ಮುಂದಿನ ಸಾಲಿನಲ್ಲಿ ಹಿತ್ತಾಳೆ ವಾಷರ್ ಇಷ್ಟು ಡಜನ್ ಎಂದಾಗುತ್ತಿತ್ತು. ಯಮನಪ್ಪ ಅಂಥದ್ದಕ್ಕೆಲ್ಲ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ, ನಗುವಿನ ನೆವದಲ್ಲಿ.

ಎಲ್ಲ ತುಂಡುಗಳನ್ನು ಕಾಗದಕ್ಕಿಳಿಸಿ, ಕತ್ತರಿಸಿ, ನಿಮ್ಮ ಶೆಡ್ಡಿನ ನೆಲದ ತುಂಬ ಹರಡಿದ ದಿನಗಳು ನನ್ನ ಜೀವದ ದೊಡ್ಡ ದಿನಗಳು. ಬೆಂಚಿನ ಮೇಲೆ ಹಿಡಿಸುವಂತಿರಲಿಲ್ಲ. ಕ್ಯಾಲಿಪರ್ ತೊಟ್ಟು ಬಗ್ಗಿ ಬಗ್ಗಿ ಸಾಕಾಗಿ, ಕೊನೆಗೆ ಬಿಚ್ಚಿ ಮೂಲೆಗಿಟ್ಟೆ. ಎಷ್ಟೋ ವರ್ಷದ ಮೇಲೆ ಮತ್ತೆ ಕೈಯೂರಿ ತೆವಳಿದೆ. ಒಂದು ತುಂಡಿನಿಂದ ಇನ್ನೊಂದಕ್ಕೆ, ಗೋಡೆಯಿಂದ ಬಾಗಿಲಿಗೆ. ನನ್ನ ಅಂಗೈಗೆ ಒಂದು ಚೂರು ಕಬ್ಬಿಣವೂ ಚುಚ್ಚಲಿಲ್ಲ ಕಾಕಾ. ನೀವು ಹೋದ ಮೇಲೂ ಯಮನಪ್ಪ ದಿನಾ ಬೆಳಿಗ್ಗೆ ಅದೇ ಚುಂಬಕ ಎಳೆಯುತ್ತಿದ್ದನಲ್ಲ. ಮಕ್ಕಳ ಹೆಸರು ಅಳಿಸಿದ್ದೂ ಅದೇ, ಆ ಮಕ್ಕಳನ್ನು ಹುಡುಕಲು ನನಗೆ ನೆಲ ಮಾಡಿಕೊಟ್ಟದ್ದೂ ಅದೇ. ಅದನ್ನು ಬಾವಿಗೆ ಹಾಕಬೇಡ ಎಂದು ನಾನು ಯಮನಪ್ಪನಿಗೆ ಹೇಳಿದ್ದು ಆಗಲೇ.

ಒಂದು ತುಂಡು ಎಲ್ಲಿ ಮುಗಿಯಿತು, ಅದರ ಮುಂದಿನದು ಯಾವುದು? ಅಂಕೆಗಳು ಹೇಳುವುದಿಲ್ಲ. ಒಂದು ಅಂಕೆಯ ಮುಂದೆ ಯಾವ ಅಂಕೆ ಬಂದರೂ ಅದು ಕಾಲೇ. ಇವಳ ತೊಡೆಗೆ ಅವನ ಹಿಮ್ಮಡಿ ಅಂಟಿಸಿದರೆ ಕಬ್ಬಿಣ ಆ ಮಗುವನ್ನು ಕಡಿಯುತ್ತದೆ. ಅಲ್ಲಿ ನಮ್ಮನ್ನು ಕಾಯ್ದದ್ದು ನಾನು ಗೊಣಗಿದ ಆ ಕೊನೆಯ ಸಾಲು. ಎಲ್ಲಕ್ಕಿಂತ ಉದ್ದ ಅದೇ ಇದ್ದುದರಿಂದ ತುಂಡು ಮುರಿದದ್ದೂ ಬಹಳ ಕಡೆ ಅಲ್ಲೇ. 'ಅಕ್ಕನ ಕೂಡ ನೀರ ತರಾಕ ಬಾ' ಎಂದು ಒಂದು ಚೂರು ಮುಗಿದರೆ, 'ವಿಗೆ' ಎಂದು ಬಾಗಿಲ ಹತ್ತಿರ ಇನ್ನೊಂದು ಬಿದ್ದಿರುತ್ತಿತ್ತು. ಎರಡನ್ನೂ ಕೂಡಿಸಿದ ಕ್ಷಣ ಒಂದು ಹುಡುಗಿ ಎದ್ದು ಬಾವಿಗೆ ಹೊರಡುತ್ತಿದ್ದಳು. ಉಳಿದ ಕಡೆ ನಿಮ್ಮ ಕ್ರಮ ಕೈಹಿಡಿಯಿತು: ಮೊದಲು ಗಟ್ಟಿ ಕಾಲು, ಅದರ ಹಿಂದೆ ಅದಕ್ಕಿಂತ ತುಸು ಸಣ್ಣದು. ಹಾಳಾದ ಜಾಗಕ್ಕೆ ಮೇಲಿದ್ದ ನಕಲಿನ ಫ್ಲಾಪಿಯಲ್ಲಿ ಉಳಿದ ಚೂರುಗಳು ತೇಪೆಯಾದವು. ಮಗ್ಗದಲ್ಲಿ ಕಡಿದುಹೋದ ಎಳೆಗಳನ್ನು ಹುಡುಕಿ ಗಂಟು ಹಾಕುವಾಗ ಅಪ್ಪ ಉಸಿರು ಬಿಗಿ ಹಿಡಿಯುತ್ತಿದ್ದ, ನಾನೂ ಹಾಗೇ ಹಿಡಿದಿದ್ದೆನಂತೆ. ಯಮನಪ್ಪ ಹೇಳಿದ.

ಕಟ್ಟಕಡೆಗೆ ನೆಲದ ಮೇಲೆ ಒಂದು ಚೂರು ಉಳಿಯಿತು. ಅದರ ಕೆಳಗಿನ ಸಾಲುಗಳಲ್ಲಿದ್ದ ಮುಂದಿನ ಮಗುವಿಗೆ ಹೆಸರಿತ್ತು, ಅಳತೆ ಇತ್ತು, ಎಲ್ಲ ಇತ್ತು. ಆದರೆ ಚೂರಿನ ಮೇಲ್ತುದಿಯಲ್ಲಿ ಮಾತೊಂದೇ. ಯಾರು ಆಡಿದ್ದು ಎಂಬುದಿಲ್ಲ. ಹೆಸರು, ಊರು, ಅಳತೆ ಇದ್ದ ಭಾಗ ಎರಡೂ ಫ್ಲಾಪಿಯಲ್ಲಿ ಸುಟ್ಟ ಹಾಗೆ ಹೋಗಿತ್ತು. 'ನಮ್ಮ ಒಂಟಿ ಕೋಡಿನ ಎಮ್ಮಿ ಹಿಂದ ಹೊಳಿತನಾ. ಯಾರೂ ಎತ್ತಿಕೋಬಾರದು.' ನಾನು ಎಷ್ಟು ತಲೆ ಕೆರೆದುಕೊಂಡರೂ ಮುಖ ನೆನಪಾಗಲಿಲ್ಲ. ಯಮನಪ್ಪನಿಗೂ ಆಗಲಿಲ್ಲ. ಅಷ್ಟು ಮಕ್ಕಳು ಸಿಕ್ಕರಲ್ಲ, ಒಂದಕ್ಕೆ ಯಾಕೆ ಇಷ್ಟು ಒದ್ದಾಟ ಎಂದರು ಮಾಲಕರು, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಉಳಿದ ಮಕ್ಕಳೆಲ್ಲ ನಿಂತ ದಿನ ಆ ಒಂದು ಮಗು ಏನೆಂದುಕೊಳ್ಳುತ್ತದೆ? ಅಜ್ಜ ನನ್ನನ್ನು ಮರೆತ ಎಂದಲ್ಲವೇ? ನಿಮ್ಮ ಮೇಲೆ ಆ ಮಾತು ಬರುವುದನ್ನು ನನ್ನಿಂದ ತಾಳಲಾಗುತ್ತಿರಲಿಲ್ಲ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಹಾಲಿನ ಕ್ಯಾನುಗಳು ಇಳಿಯುವ ಹೊತ್ತಿಗೆ ನಾನು ಹೋಗಿ ನಿಂತೆ. ಮಗುವಿನ ಗುರುತು ಗೊತ್ತಿಲ್ಲ, ಎಮ್ಮೆಯ ಗುರುತು ಗೊತ್ತಿದೆಯಲ್ಲ. ಒಂದು ಕೋಡಿಲ್ಲದ ಎಮ್ಮೆ ಯಾರ ಮನೆಯಲ್ಲಿದೆ ಎಂದು ಹಾಲಿನವರನ್ನು ಕನ್ನಡದಲ್ಲಿ ಕೇಳಿದೆ, ಮರಾಠಿಯಲ್ಲಿ ಕೇಳಿದೆ. ಎಲ್ಲರೂ ನಾನು ಎಮ್ಮೆ ಕೊಳ್ಳಲು ಬಂದವಳು ಎಂದೇ ತಿಳಿದರು. ಒಬ್ಬರು ಅಂಥದ್ದು ಬೇಡ, ಎರಡೂ ಕೋಡಿರುವ ಒಳ್ಳೆಯದು ತಮ್ಮಲ್ಲಿದೆ ಎಂದರು. ಇನ್ನೊಬ್ಬರು ನನ್ನ ಕ್ಯಾಲಿಪರ್ ನೋಡಿ, ಈ ಕಾಲಲ್ಲಿ ಹೈನ ಹೇಗೆ ಮಾಡುತ್ತೀ ತಂಗಿ ಎಂದು ಕನಿಕರ ಪಟ್ಟರು. ನಾನು ಬೇಡವೇ ಬೇಡ, ನನಗೆ ಒಂಟಿ ಕೋಡಿನದೇ ಬೇಕು ಎಂದು ಹಟ ಹಿಡಿದೆ. ನೀವಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಿರಿ. ಅಂದಿನ ಸಂತೆಗೆ ಬಂದ ಮಂದಿಗೆಲ್ಲ ಸುದ್ದಿಯಾಗಿ, ಕೊನೆಗೆ ಖವಾ ಮಾರುವ ಗವಳಿ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ನನ್ನ ಎದುರು ಬಂದು ನಿಂತಳು. ಎಮ್ಮೆ ತಮ್ಮದು, ಅದನ್ನು ಮಾರುವುದಿಲ್ಲ, ಮಾರಿದರೆ ಮನೆಯಲ್ಲಿ ಮಗಳು ಅನ್ನ ಬಿಡುತ್ತಾಳೆ ಎಂದಳು.

ಆ ಮಗಳ ಹೆಸರು ಜನಿ, ಕಾಕಾ. ಅವಳ ತಾಯಿಯ ಜೊತೆ ಜೀಪಿನಲ್ಲಿ ಸ್ವಲ್ಪ, ಆಮೇಲೆ ಎತ್ತಿನ ಗಾಡಿಯಲ್ಲಿ ಅವರ ವಾಡಿಗೆ ಹೋದೆ. ಜಗಲಿಯಲ್ಲಿ ಕೂತು ಎಮ್ಮೆಯ ಹಗ್ಗ ಹಿಡಿದಿದ್ದಳು. ನನ್ನ ಗುರುತು ಹಿಡಿದಳು, ನನ್ನ ಹಿಂದೆ ನೋಡಿದಳು, ಆ ಅಜ್ಜ ಎಲ್ಲಿ ಎಂದು ಕೇಳಿದಳು. ನಾನು ನಿಮ್ಮ ಟೇಪು ತೆಗೆದೆ. ಜನ್ಮದಲ್ಲಿ ಮೊದಲ ಸಲ ನಾನು ಅಳತೆ ಹಿಡಿದದ್ದು. ಹಿಮ್ಮಡಿಯಿಂದ ಮೇಲಕ್ಕೆ, ಮೊದಲು ಗಟ್ಟಿ ಕಾಲು, ಆಮೇಲೆ ಸೊರಗಿದ್ದು. ಮುಗಿಸಿ, ಆ ಪ್ರಶ್ನೆ ಕೇಳುವ ಬದಲು ನಾನೇ ಹೇಳಿದೆ, ನಿನಗೆ ಈ ಎಮ್ಮೆಯ ಹಿಂದೆ ಹೊಳೆಯ ತನಕ ಹೋಗಬೇಕು, ಯಾರೂ ಎತ್ತಿಕೊಳ್ಳಬಾರದು, ಹೌದಲ್ಲ ಎಂದು. ಜನಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ಅಜ್ಜಾ ನೆನಪ ಇಟ್ಟಾನೇನು?" ಎಂದಳು.

ಹೌದು, ನೆನಪಿಟ್ಟಿದ್ದಾರೆ ಎಂದೆ. ನೀವು ಸತ್ತ ಸುದ್ದಿಯನ್ನು ಅವಳ ತಾಯಿಗೆ ಆಮೇಲೆ ಹೇಳಿದೆ. ಆದರೆ ಅವಳಿಗೆ ನಾನು ಹೇಳಿದ್ದು ಸುಳ್ಳೆಂದು ಈಗಲೂ ಅನ್ನಿಸಿಲ್ಲ. ಕಾರಖಾನೆಯ ವಾಷರುಗಳ ನಡುವೆ, ಯಾದಿ ಅಳಿಸಿಹೋದ ಕಪ್ಪು ತಟ್ಟೆಯ ಮೇಲೆ, ಆ ಮಾತು ಅಷ್ಟು ದಿನ ಇದ್ದದ್ದು ಯಾರ ನೆನಪು ಮತ್ತೆ?

ಈಗ ನೀವು ಕೇಳದೆ ಹೋದ ಸುದ್ದಿ. ಯಮನಪ್ಪ ಎಲ್ಲ ಕ್ಯಾಲಿಪರ್ ಮುಗಿಸಿದ. ದೀಪಾವಳಿ ದಾಟಿ ಸಂಕ್ರಾಂತಿ ಸಮೀಪಿಸಿತು, ಅಷ್ಟು ತಡವನ್ನು ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ಇಟಗಿಯ ಹುಡುಗ ತೊಟ್ಟ ದಿನವೇ ಸಾಲಿಯ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದು ಮಾಸ್ತರರಿಂದ ಬೈಸಿಕೊಂಡ. ಚುಂಬಕ ಶೆಡ್ಡಿನ ಬಾಗಿಲ ಮೊಳೆಯಲ್ಲಿ ತೂಗುತ್ತದೆ, ಆಫೀಸಿನ ಹೊಸಿಲು ದಾಟಲು ಅದಕ್ಕೆ ಅಪ್ಪಣೆಯಿಲ್ಲ. ಹೊಸದಾಗಿ ಮಾಡಿದ ನಕಲಿನ ಫ್ಲಾಪಿ ಶಹಾಪುರದಲ್ಲಿ ನಮ್ಮ ಅವ್ವನ ಸೀರೆಯ ಟ್ರಂಕಿನಲ್ಲಿದೆ. ಜೋಶಿಯವರಿಗೆ ಬರೆದು ತಿಳಿಸಿದೆ. ಎಮ್ಮೆ ಹೇಗಿದೆ ಎಂದು ಅವರು ಮರುಪತ್ರದಲ್ಲಿ ಕೇಳಿದ್ದಾರೆ.

ಮೊನ್ನೆ ಜನಿ ಹೊಳೆಗೆ ಹೋದಳು. ಮಲಪ್ರಭೆಯಲ್ಲಿ ನೀರು ಇಳಿದಿತ್ತು. ಮುಂದೆ ಎಮ್ಮೆ, ಅದರ ಹಿಂದೆ ಜನಿ, ಅವಳ ಹಿಂದೆ ನಾನು. ಯಮನಪ್ಪ ಅಟ್ಟೆಯನ್ನು ದಪ್ಪ ಹಾಕಿದ್ದ, ನೀವು ಹಾಕುತ್ತಿದ್ದ ಹಾಗೆ. ನಡುದಾರಿಯಲ್ಲಿ ಅವಳ ತಾಯಿ ಎರಡು ಸಲ ಕೈ ಚಾಚಿದಳು, ಎರಡು ಸಲವೂ ಜನಿ ಕಣ್ಣು ಬಿಟ್ಟಳು, ತಾಯಿ ಕೈ ಹಿಂದೆ ತೆಗೆದುಕೊಂಡಳು. ದಾರಿ ತುಂಬ ನಮ್ಮಿಬ್ಬರ ಕಬ್ಬಿಣದ ಸಪ್ಪಳ. ಎಮ್ಮೆ ನೀರಿಗಿಳಿದ ಮೇಲೆ ದಂಡೆಯ ಕಲ್ಲಿನ ಮೇಲೆ ಕೂತೆವು. ಅವಳು ನನ್ನ ಕ್ಯಾಲಿಪರ್ ಮುಟ್ಟಿ ನೋಡಿ, ನಿಮಗೂ ಅಜ್ಜ ಕೇಳಿದ್ದರೇನು, ನೀವೇನು ಹೇಳಿದಿರಿ ಎಂದಳು. ಇನ್ನೂ ಹೇಳಿಲ್ಲ ಎಂದೆ. ಅವಳಿಗೆ ಅದು ವಿಚಿತ್ರ ಅನ್ನಿಸಿತು.

ಅವಸರ ಇಲ್ಲ ಎಂದಿದ್ದಿರಿ, ನಾನೂ ಅವಸರ ಮಾಡಲಿಲ್ಲ. ಈಗ ಯೋಚನೆ ಮಾಡಿ ಹೇಳುತ್ತಿದ್ದೇನೆ ಕಾಕಾ. ಮಳೆಗಾಲ ಮುಗಿದ ಮೇಲೆ ಖಾನಾಪುರದ ಅದೇ ಸಾಲಿಯ ಅಂಗಳದಲ್ಲಿ ಮತ್ತೆ ಕ್ಯಾಂಪಿದೆ. ಕುಟ್ಟಲು ಬೇರೆ ಹುಡುಗಿ ಬರುತ್ತಾಳೆ. ನಿಮ್ಮ ಟೇಪು ನನ್ನ ಹತ್ತಿರ ಇದೆ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟ ಜಾಗ ನಿಮ್ಮಲ್ಲಿ ಇನ್ನೂ ಉಳಿದಿದ್ದರೆ, ಬರೆದುಕೊಳ್ಳಿ:

ನೀಲಾ, ಶಹಾಪುರ. ಅಳೆಯಾಕ ಹೋಗಾಕಿ.